ಪ್ರಮಾಣಪತ್ರವೂ ಪರಿಣತಿಯೂ

ಹಲವು ವರ್ಷಗಳ ಹಿಂದಿನ ಮಾತು. ಶಾಲೆಯೊಂದರ ತೋಟವನ್ನು ನೋಡಿಕೊಳ್ಳಲು ಒಬ್ಬರನ್ನು ಆಯ್ಕೆ ಮಾಡುವ ಸಮಿತಿಯಲ್ಲಿ ನಾವೂ ಕುಳಿತಿದ್ದೆವು. ಇಪ್ಪತ್ತು ವರ್ಷ ಸಸಿಮಡಿಗಳಲ್ಲಿ ದುಡಿದ ಹಿರಿಯರೊಬ್ಬರು ಬಂದರು. “ಏನು ಓದಿದ್ದೀರಿ?” ಎಂದೆವು. “ಓದು ಇಲ್ಲ ಅಯ್ಯನವರೇ, ಕೆಲಸ ಬಲ್ಲೆ” ಎಂದರು. ಎರಡನೆಯ ಪ್ರಶ್ನೆಯನ್ನು ನಾವು ಕೇಳಲಿಲ್ಲ.

ಪದವಿಪತ್ರವಿದ್ದ ತರುಣನಿಗೆ ಆ ಕೆಲಸ ದೊರೆಯಿತು. ಅವನು ಪ್ರಾಮಾಣಿಕನೇ. ಆದರೆ ಆ ಬೇಸಿಗೆಯಲ್ಲಿ ಸಸಿಗಳು ಅರ್ಧಕ್ಕರ್ಧ ಒಣಗಿಹೋದವು. ಕೊನೆಗೆ ಅವನೇ ಹಿರಿಯರ ಮನೆಯನ್ನು ಹುಡುಕಿಕೊಂಡು ಹೋಗಿ, ನೀರು ನೆರಳುಗಳ ಲೆಕ್ಕವನ್ನು ಕೇಳಿ ಕಲಿತನು. ತಪ್ಪು ಅವನದಲ್ಲ, ಅವನ ಪದವಿಯದೂ ಅಲ್ಲ, ನಮ್ಮದು. ಕಾಯಕದ ಹಿರಿಮೆಯನ್ನು ವೇದಿಕೆಯ ಮೇಲೆ ಬಣ್ಣಿಸುವ ನಾವು, ಸಂದರ್ಶನದ ಮೇಜಿನ ಮುಂದೆ ಅದನ್ನು ಮರೆತಿದ್ದೆವು.

ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ತುಳಸಿ ಗೌಡ ಅವರನ್ನು ನೆನೆದಾಗಲೆಲ್ಲ ಈ ಪ್ರಸಂಗ ನಮ್ಮನ್ನು ಚುಚ್ಚುತ್ತದೆ. ಹಾಲಕ್ಕಿ ಒಕ್ಕಲಿಗ ಸಮುದಾಯದ ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಿನಗೂಲಿಯಾಗಿ ದುಡಿದರು. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಯಾವ ಕಾಲದಲ್ಲಿ ಆಯಬೇಕು, ಹೇಗೆ ಮೊಳೆಯಿಸಬೇಕು ಎಂಬುದು ಅವರಿಗೆ ಕರತಲಾಮಲಕವಾಗಿತ್ತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ ನಡೆದುಹೋಗಿ ಅದನ್ನು ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ನಮ್ಮನ್ನಗಲಿದರು. ಆದರೆ ಅವರ ಕೆಲಸ ಖಾಯಂ ಆಗುವುದಕ್ಕೆ ಮೂರು ದಶಕಗಳಿಗೂ ಮಿಕ್ಕು ಕಾಲ ಹಿಡಿಯಿತು. ಅಷ್ಟೂ ಕಾಲ ಜ್ಞಾನ ಅವರಲ್ಲಿತ್ತು. ಕೂಲಿ ಮಾತ್ರ ಅಂದಂದಿನದು.

ಹಾಗೆಂದು ಪ್ರಮಾಣಪತ್ರವನ್ನು ಹಳಿಯಲಾಗದು. ಶಸ್ತ್ರಚಿಕಿತ್ಸೆ ಮಾಡುವವರಿಗೆ, ಸೇತುವೆ ಕಟ್ಟುವವರಿಗೆ ಅದು ಬೇಕೇ ಬೇಕು. ಅಲ್ಲಿ ಅರೆಗಲಿಕೆಗೆ ಪರರ ಪ್ರಾಣವೇ ಬೆಲೆಯಾಗುತ್ತದೆ. ಅನುಭವವೆಂಬುದೂ ಬರಿಯ ವರ್ಷಗಳ ಎಣಿಕೆಯಲ್ಲ. ಒಂದೇ ತಪ್ಪನ್ನು ಇಪ್ಪತ್ತು ವರ್ಷ ಮಾಡಿದವರೂ ಉಂಟು. ಆದುದರಿಂದ ಅಂಗಡಿಗೋ ಹೊಲಕ್ಕೋ ಸಂಸ್ಥೆಗೋ ಒಬ್ಬರನ್ನು ನೇಮಿಸಿಕೊಳ್ಳುವ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಒಂದು ದಿನದ ಕೂಲಿ ಕೊಟ್ಟು ಅವರ ಕೆಲಸವನ್ನು ಕಣ್ಣಾರೆ ಕಾಣಿರಿ. ಕೆಲಸ ಕೆಟ್ಟಾಗ ಏನು ಮಾಡುವಿರೆಂದು ಕೇಳಿರಿ. ಆ ಬಳಿಕ ಕಾಗದವನ್ನು ನೋಡಿರಿ.

ಆ ಹಿರಿಯರಲ್ಲಿ ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದ ಕೊರಗು ನಮ್ಮಲ್ಲಿ ಇಂದಿಗೂ ಉಳಿದಿದೆ. ನಿಮ್ಮಲ್ಲಿ ಅಂಥದು ಉಳಿಯದಿರಲಿ.