ಉಲ್ಲೇಖದ ಲೆಕ್ಕ, ಓದಿನ ಲೆಕ್ಕ

ವಿಜ್ಞಾನಿಯೊಬ್ಬರ ಪರಿಚಯಪತ್ರ ತೆರೆದರೆ ಈಗ ಅವರ ವಿಷಯ ಯಾವುದು ಎನ್ನುವುದಕ್ಕಿಂತ ಮೊದಲು ಒಂದು ಸಂಖ್ಯೆ ಕಣ್ಣಿಗೆ ಬೀಳುತ್ತದೆ: ಎಚ್-ಇಂಡೆಕ್ಸ್. ಇದರ ಹುಟ್ಟೂರು ಸ್ಯಾನ್ ಡಿಯೇಗೊ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಇದನ್ನು ಮುಂದಿಟ್ಟರು. ಲೆಕ್ಕ ಸುಲಭ. ನಿಮ್ಮ 20 ಪ್ರಬಂಧಗಳು ತಲಾ 20 ಸಲವಾದರೂ ಬೇರೆ ಬರಹಗಳಲ್ಲಿ ಉಲ್ಲೇಖಗೊಂಡಿದ್ದರೆ ನಿಮ್ಮ ಎಚ್ 20. ಒಂದೇ ಪ್ರಬಂಧ ಬರೆದು, ಅದನ್ನು ಜಗತ್ತು ಸಾವಿರ ಸಲ ಉಲ್ಲೇಖಿಸಿದರೂ ಎಚ್ ಬರೀ 1.

ಈ ಅಳತೆಗೋಲು ಎಲ್ಲಿ ಸೋಲುತ್ತದೆ ಎಂದು ತಿಳಿಯಲು ಆ ಊರನ್ನು ಬಿಟ್ಟು ಹೋಗಬೇಕಿಲ್ಲ. ಭೌತವಿಜ್ಞಾನಿಗಳಾದ ವಾಲ್ಟರ್ ಕೋನ್ ಮತ್ತು ಲೂ ಶಾಮ್ ತಮ್ಮ ಹೆಸರಾಂತ ಪ್ರಬಂಧವನ್ನು 1965ರಲ್ಲಿ ಪ್ರಕಟಿಸಿದ್ದು ಅದೇ ಕ್ಯಾಂಪಸ್ಸಿನಿಂದ. ಅಣುವಿನೊಳಗಿನ ಎಲೆಕ್ಟ್ರಾನುಗಳ ಲೆಕ್ಕ ಹಿಡಿಯುವ ಬಗೆ ಅದರ ವಿಷಯ. ಉದಾಹರಣೆಗೆ, ಬೆಂಜೀನ್ ಅಣುವಿನಲ್ಲಿ 42 ಎಲೆಕ್ಟ್ರಾನುಗಳಿವೆ. ಅವೆಲ್ಲದರ ಜಾಗ ಹೇಳಲು 126 ನಿರ್ದೇಶಾಂಕಗಳು ಬೇಕು. ಎಲೆಕ್ಟ್ರಾನುಗಳನ್ನು ಬಿಡಿಬಿಡಿಯಾಗಿ ಬೆನ್ನಟ್ಟುವ ಬದಲು ಅವುಗಳ ಒಟ್ಟು ಸಾಂದ್ರತೆ ಹಿಡಿದರೆ ಸಾಕು, ಅದಕ್ಕೆ 3 ನಿರ್ದೇಶಾಂಕ ಮಾತ್ರ ಬೇಕು ಎಂದು ಕೋನ್ ಹಿಂದಿನ ವರ್ಷವೇ ಭೌತವಿಜ್ಞಾನಿ ಹೋಹೆನ್‌ಬರ್ಗ್ ಜೊತೆ ತೋರಿಸಿದ್ದರು. ಶಾಮ್ ಜೊತೆ ಸೇರಿ ಅದನ್ನು ಬಿಡಿಸಬಹುದಾದ ಸಮೀಕರಣಗಳಾಗಿ ಮಾಡಿದರು. ಆದರೂ ಸುಮಾರು ಎರಡು ದಶಕ ರಸಾಯನಶಾಸ್ತ್ರಜ್ಞರು ಅದನ್ನು ಅಷ್ಟಾಗಿ ನೆಚ್ಚಲಿಲ್ಲ. 1988ರ ಸುಮಾರಿಗೆ ಒಳ್ಳೆಯ ಸೂತ್ರಗಳು ಬಂದ ಮೇಲಷ್ಟೇ ಅದು ಪ್ರಯೋಗಾಲಯಗಳ ನಿತ್ಯದ ಬಳಕೆಗೆ ಬಂತು. ಭೌತವಿಜ್ಞಾನಿ ಕೋನ್‌ಗೆ 1998ರಲ್ಲಿ ಸಿಕ್ಕ ನೊಬೆಲ್ ರಸಾಯನಶಾಸ್ತ್ರದ್ದು. 2014ರಲ್ಲಿ ‘ನೇಚರ್’ ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ 100 ಪ್ರಬಂಧಗಳನ್ನು ಪಟ್ಟಿಮಾಡಿದಾಗ 12 ಈ ಸಿದ್ಧಾಂತಕ್ಕೆ ಸೇರಿದ್ದವು. ಮೊದಲ ಹತ್ತರಲ್ಲಿದ್ದ ಎರಡೂ ಆಮೇಲೆ ಬಂದ ಬಳಕೆಯ ಸೂತ್ರಗಳು. ಕೋನ್ ಅವರ ಮೂಲ ಪ್ರಬಂಧಗಳು ಎಷ್ಟೋ ಕೆಳಗಿದ್ದವು. ಐದು ವರ್ಷದ ಉಲ್ಲೇಖ ಎಣಿಸಿ ರಸಾಯನಶಾಸ್ತ್ರದ ಹುದ್ದೆ ಕೊಡುವ ಸಮಿತಿಯ ಮುಂದೆ 1965ರ ಆ ಪ್ರಬಂಧ ನಿಲ್ಲುತ್ತಿತ್ತೇ?

ಈ ಲೆಕ್ಕಕ್ಕೆ ಸಿಗದ ಇನ್ನೊಂದು ಕೆಲಸ ಪಾಠ ಹೇಳುವುದು. ಸ್ಯಾನ್ ಡಿಯೇಗೊದ ಉತ್ತರಕ್ಕೆ, ಲಾಸ್ ಏಂಜಲೀಸ್‌ನ ನಾರ್ತ್‌ರಿಜ್‌ನಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಇದೆ. ಅದೂ ಸರ್ಕಾರದ್ದೇ. 1960ರ ಉನ್ನತ ಶಿಕ್ಷಣ ಯೋಜನೆ ಸಂಶೋಧನೆ ಮತ್ತು ಡಾಕ್ಟರೇಟನ್ನು ಮುಖ್ಯವಾಗಿ ಸ್ಯಾನ್ ಡಿಯೇಗೊದಂಥ ಕಡೆಗೂ ಪಾಠವನ್ನು ನಾರ್ತ್‌ರಿಜ್‌ನಂಥ ಕಡೆಗೂ ಹಂಚಿತು. ಇಲ್ಲಿನ ಸೈದ್ಧಾಂತಿಕ ರಸಾಯನಶಾಸ್ತ್ರಜ್ಞರಿಗೆ ಸಂಶೋಧನೆಗೆ ಬೇಕಾದ ಕಾಗದ-ಕಂಪ್ಯೂಟರ್ ಇದ್ದರೂ ದಿನದ ಬಹುಪಾಲು ತರಗತಿಗೆ ಹೋಗುತ್ತದೆ. 1994ರ ಜನವರಿ 17ರ ಭೂಕಂಪದಲ್ಲಿ ಈ ಕ್ಯಾಂಪಸ್ಸಿನ ವಿಜ್ಞಾನ ಕಟ್ಟಡಕ್ಕೆ ಬೆಂಕಿ ಬಿತ್ತು. ಕೆಲವೇ ವಾರಗಳಲ್ಲಿ ಟ್ರೇಲರುಗಳಲ್ಲಿ ಪಾಠ ಶುರುವಾಯಿತು. ಆ ಸೆಮಿಸ್ಟರು ಮುಗಿಸಿಕೊಟ್ಟ ಮೇಷ್ಟ್ರುಗಳ ಶ್ರಮಕ್ಕೆ ಎಚ್-ಇಂಡೆಕ್ಸಿನಲ್ಲಿ ಒಂದು ಅಂಕವೂ ಇಲ್ಲ.

ನಮ್ಮ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರ ಎಚ್-ಇಂಡೆಕ್ಸ್ 2013ರಲ್ಲಿ 100 ಮುಟ್ಟಿತು. ಅದೇ ವರ್ಷ ಭಾರತರತ್ನ ಘೋಷಣೆಯಾಯಿತು. ಹೆಮ್ಮೆಯ ಮಾತೇ. ಆದರೆ ಅವರ ಮೊದಲ ಪ್ರಬಂಧ 1954ರಲ್ಲಿ ಅಚ್ಚಾದದ್ದು ಆಗ್ರಾ ವಿಶ್ವವಿದ್ಯಾಲಯದ ಸಂಶೋಧನಾ ಪತ್ರಿಕೆಯಲ್ಲಿ, ಇಂದಿನ ಅಂಕಪಟ್ಟಿಯವರು ಮೂಸಿಯೂ ನೋಡದಂಥ ಕಡೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಅವರು ಶುರುಮಾಡಿದ ಘನಸ್ಥಿತಿ ರಸಾಯನ ವಿಭಾಗ, 1989ರಲ್ಲಿ ಕಟ್ಟಿದ ಜವಾಹರಲಾಲ್ ನೆಹರೂ ಕೇಂದ್ರ, ಇವೆರಡರಲ್ಲೂ ತಲೆಮಾರುಗಳು ತಯಾರಾಗಿವೆ. ಆ ನೂರರ ಅಂಕಿ ಇದನ್ನೆಲ್ಲ ಹೇಳುವುದಿಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಕೃತಿಗೆ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಮರಗಳ ಹುಚ್ಚು ಹಿಡಿಸಿದ ಆ ಪುಸ್ತಕದಿಂದ ಈ ಲೆಕ್ಕದಲ್ಲಿ ದಕ್ಕುವುದು ಸೊನ್ನೆ.

2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ, ಪ್ರಕಟಿತ ಪ್ರಬಂಧಗಳನ್ನೂ ಎಣಿಸುವ ಎಪಿಐ ಅಂಕ ತಂದ ಮೇಲೆ ನಮ್ಮ ಕಾಲೇಜುಗಳಲ್ಲಿ ಏನಾಯಿತೆಂದು ಬಲ್ಲವರು ಬಲ್ಲರು. ದುಡ್ಡು ಕೊಟ್ಟರೆ ಕಣ್ಣುಮುಚ್ಚಿ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ನೀನು ನನ್ನನ್ನು ಉಲ್ಲೇಖಿಸು, ನಾನು ನಿನ್ನನ್ನು ಎನ್ನುವ ಕೊಡುಕೊಳ್ಳುವಿಕೆಯೂ ಬೆಳೆಯಿತು. ತಾವು ಕೊಟ್ಟ ಅಳತೆ ಘೋರವಾಗಿ ಎಡವಬಲ್ಲದು, ನೆನೆಸದ ಕೆಡುಕು ತರಬಲ್ಲದು ಎಂದು ಹಿರ್ಶ್ ಅವರೇ 2020ರಲ್ಲಿ ಬರೆದರು.

ಉಲ್ಲೇಖವನ್ನು ಎಣಿಸಲೇಬಾರದು ಎಂಬುದು ನಮ್ಮ ವಾದವಲ್ಲ. ಒಂದು ಕೆಲಸ ಎಷ್ಟು ಜನರಿಗೆ ಒದಗಿತು ಎಂಬುದನ್ನು ಅದು ತೋರಿಸುತ್ತದೆ; ಅಷ್ಟರ ಮಟ್ಟಿಗೆ ಅದು ಬೇಕು. ಆಯ್ಕೆ ಸಮಿತಿಗಳಲ್ಲಿ ಕೂರುವ ಹಿರಿಯರಲ್ಲಿ ನಮ್ಮದು ಒಂದೇ ಕೋರಿಕೆ: ಅಭ್ಯರ್ಥಿಯ ಸಂಖ್ಯೆ ನೋಡುವ ಮೊದಲು ಅವರ ಒಂದು ಪ್ರಬಂಧವನ್ನಾದರೂ ಪೂರ್ತಿ ಓದಿ. ಅಧ್ಯಾಪಕ ಮಿತ್ರರಲ್ಲಿ ಇನ್ನೊಂದು: ನಿಮ್ಮ ಸಂಶೋಧನೆಯನ್ನು ಕನ್ನಡದಲ್ಲಿ ಬರೆದು ಕಳಿಸಿ. ಅಂಕ ಕೊಡಲು ನಮ್ಮಿಂದಾಗದು, ಓದುಗರನ್ನು ಖಂಡಿತ ಕೊಡುತ್ತೇವೆ.