ಗೋಣಿಗೆ ತೇಪೆ, ಹೊಟ್ಟೆಗೆ ಬೆಲ್ಟು

ಗೋದಾಮಿನಲ್ಲಿ ತೂಕ ನಡೆಯುವ ದಿನಗಳಲ್ಲಿ ನಾವು ಗಮನಿಸಿದ ಸಂಗತಿಯೊಂದಿದೆ. ಮೂಟೆ ಎತ್ತುವ ಮುನ್ನ ತೊಡೆಸಂದನ್ನು ಒತ್ತಿ ಹಿಡಿದುಕೊಳ್ಳುವವರು ನಮ್ಮ ಸದಸ್ಯರಲ್ಲೂ ಆಳುಗಳಲ್ಲೂ ಒಬ್ಬಿಬ್ಬರಲ್ಲ. ಕೇಳಿದರೆ ‘ಏನಿಲ್ಲ, ಸ್ವಲ್ಪ ವಾಯು’ ಎಂಬ ಉತ್ತರ. ಬಹುಪಾಲು ಅದು ವಾಯುವಲ್ಲ, ಹರ್ನಿಯಾ.

ಹೊಟ್ಟೆಯ ಸ್ನಾಯುಗೋಡೆ ದುರ್ಬಲವಾದ ಕಡೆ ಒಳಗಿನ ಕೊಬ್ಬೋ ಕರುಳೋ ಹೊರಕ್ಕೆ ತಳ್ಳಿಕೊಂಡು ಬರುವುದೇ ಹರ್ನಿಯಾ. ಕೆಮ್ಮಿದಾಗ, ತಿಣುಕಿದಾಗ ಗಂಟು ಉಬ್ಬುತ್ತದೆ, ಮಲಗಿದರೆ ಒಳಸರಿಯುತ್ತದೆ. ಮೂಟೆ ಎತ್ತಿದ್ದರಿಂದಲೇ ಬಂತೆಂಬುದು ಪೂರ್ತಿ ನಿಜವಲ್ಲ. ಹಳೆಯ ಕೆಮ್ಮು, ಮಲಬದ್ಧತೆಗಳ ಪಾಲೂ ಇದೆ.

ಮಾತ್ರೆ, ಕಷಾಯ, ಎಣ್ಣೆಗಳಿಂದ ಈ ತೂತು ಮುಚ್ಚದು. ಬೆಲ್ಟು ಗಂಟನ್ನು ಒತ್ತಿ ಹಿಡಿದೀತು, ಅಷ್ಟೆ. ಗುಣವಾಗಲು ಶಸ್ತ್ರಚಿಕಿತ್ಸೆಯೊಂದೇ ದಾರಿ. ಇಟಲಿಯ ಬಸ್ಸೀನಿಯವರು 1880ರ ದಶಕದಲ್ಲಿ ಸ್ನಾಯುಗಳನ್ನು ಎಳೆದು ಹೊಲಿಯುವ ಕ್ರಮ ತಂದರು. ಹರಿದ ಗೋಣಿಯ ಅಂಚುಗಳನ್ನು ಬಿಗಿಯಾಗಿ ಎಳೆದು ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುವುದು ನಮಗೆಲ್ಲ ಗೊತ್ತು. ಇಲ್ಲೂ ಎಷ್ಟೋ ಮಂದಿಗೆ ಹಾಗೆಯೇ ಆಗುತ್ತಿತ್ತು. ತೇಪೆ ಹಾಕಿದರೆ ಎಳೆತವಿಲ್ಲ. ಅಮೆರಿಕದ ಲಿಕ್ಟೆನ್‌ಸ್ಟೈನ್ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದ, ಪಾಲಿಪ್ರೊಪಿಲೀನ್ ಬಲೆಯ ತೇಪೆ ಹಾಕುವ ಕ್ರಮ ಈಗ ರೂಢಿಯಲ್ಲಿದೆ. ಮರುಕಳಿಸುವುದು ಕಡಿಮೆ. ಕೆಲವರಿಗೆ ಆ ಜಾಗದಲ್ಲಿ ನೋವು ಬಹುಕಾಲ ಉಳಿಯುವುದುಂಟು ಎಂಬುದನ್ನೂ ಹೇಳಬೇಕು.

ತೊಂದರೆ ಕೊಡದ ತೊಡೆಸಂದಿನ ಗಂಟಿರುವ ಗಂಡಸರು ವೈದ್ಯರ ನಿಗಾದಲ್ಲಿ ಕಾಯಬಹುದೆಂದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಆದರೆ ತೋರಿಸಿ ಕಾಯುವುದು ಬೇರೆ, ಮುಚ್ಚಿಟ್ಟು ಕಾಯುವುದು ಬೇರೆ. ಗಂಟು ಒಳಹೋಗದೆ ಗಟ್ಟಿಯಾಗಿ, ನೋವು, ವಾಂತಿ ಬಂತೆಂದರೆ ಕರುಳು ಸಿಕ್ಕಿಕೊಂಡಿರಬಹುದು; ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಕೊಳೆಯುತ್ತದೆ. ಜುಲೈ ಮಳೆಯಲ್ಲಿ, ಮರ ಬಿದ್ದ ರಸ್ತೆಯಲ್ಲಿ ಆ ಗಂಟೆಗಳನ್ನು ಎಲ್ಲಿಂದ ತರುವುದು? ಹೆಂಗಸರಲ್ಲಿ ಹೆಚ್ಚಾಗಿ ಕಾಣುವ, ತೊಡೆಯ ಬುಡದ ಹರ್ನಿಯಾದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಅದನ್ನು ಮುಂದೂಡಲೇಬಾರದು.

‘ಕೊಯ್ಲು ಮುಗಿಯಲಿ’ ಎಂದು ನಾವೂ ಎರಡು ವರ್ಷ ತಳ್ಳಿದವರೇ. ಕೊನೆಗೆ ಒಂದು ಏಪ್ರಿಲ್‌ನಲ್ಲಿ ಮಾಡಿಸಿಕೊಂಡೆವು. ಕೊಯ್ಲು ಮುಗಿದು ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಮುಂಚಿನ ಆ ಬಿಡುವಿನಲ್ಲಿ, ಭಾರ ಎತ್ತದೆ ನಾಲ್ಕಾರು ವಾರ ಇರುವುದು ಕಷ್ಟವಾಗಲಿಲ್ಲ.

ಆಳುಗಳಿಗೆ ಆ ಬಿಡುವೆಲ್ಲಿದೆ? ಮೂಟೆ ಹೊರುವವನಿಗೆ ಬೆಲ್ಟು ಕೊಡಿಸಿ ಕೆಲಸ ತೆಗೆಯುವ ಪದ್ಧತಿ ನಮ್ಮಲ್ಲಿದೆ. ಇದು ತಪ್ಪು. ಅವನ ಆ ವಾರಗಳ ಕೂಲಿಯನ್ನು ತೋಟದ ಖರ್ಚಿನಲ್ಲೇ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ. ಒಪ್ಪದವರು ಮುಂದಿನ ಸಭೆಯಲ್ಲಿ ಹೇಳಲಿ.

ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತಿದ್ದ ಯಶಸ್ವಿನಿ ಯೋಜನೆಯ ನೋಂದಣಿ 2022ರಲ್ಲಿ ಪುನಃ ಶುರುವಾಯಿತು. ಕಾರ್ಡು ಮಾಡಿಸದವರು, ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ತಿಳಿಯಬೇಕಾದವರು ಕಚೇರಿಗೆ ಬನ್ನಿ. ನಾಚಿಕೆಯೆನಿಸಿದರೆ ಒಳಕೋಣೆಯಲ್ಲೇ ಮಾತಾಡೋಣ.