‘ಖಚಿತವೇ?’ ಎಂದಷ್ಟೇ ಕೇಳಿದರೆ ಸಾಲದು

ಪ್ರಾಜೆಕ್ಟ್ ಕೆಲಸ ಶುರುವಾದರೆ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಲಾಗ್ ಫೈಲ್‌ಗಳ ಸಹವಾಸ ತಪ್ಪಿದ್ದಲ್ಲ. ರಾತ್ರಿಯಿಡೀ ಓಡಿದ ಪ್ರೋಗ್ರಾಂ ಬೆಳಗಾಗುವಷ್ಟರಲ್ಲಿ ನೂರಾರು ಎಂಬಿ ಪಠ್ಯ ಸುರಿದಿರುತ್ತದೆ. ಅದನ್ನು ಹಾಗೇ ತೆರೆದರೆ ಎಡಿಟರ್ ಸ್ತಬ್ಧವಾಗಬಹುದು. ಪಕ್ಕದ ಟ್ಯಾಬ್‌ನಲ್ಲಿ ಸೇವ್ ಮಾಡದೆ ಉಳಿದ ಕೋಡ್‌ಗೂ ಕುತ್ತು. ಹಾಗಾಗಿ ತೆರೆಯುವ ಮುನ್ನ ಎಡಿಟರ್ ಒಂದು ಮಾತು ಕೇಳುವುದು ಸರಿಯೇ. ಆದರೆ ಏನೆಂದು ಕೇಳಬೇಕು?

‘ಫೈಲ್ ದೊಡ್ಡದಿದೆ, ಖಚಿತವೇ?’ ಎಂಬ ಪ್ರಶ್ನೆ ನನಗೆ ಹಾಸ್ಟೆಲ್‌ನವರು ಬರೆಸಿಕೊಳ್ಳುವ ಮುಚ್ಚಳಿಕೆಯಂತೆ ಕಾಣುತ್ತದೆ. ಹೆಚ್ಚುಕಡಿಮೆಯಾದರೆ ಹೊಣೆ ನಿನ್ನದು, ಅಷ್ಟೇ. ಬೇಕೆಂದೇ ಫೈಲ್ ಒತ್ತಿದವರು ‘ಹೌದು’ ಅನ್ನದೆ ಇನ್ನೇನು ಅಂದಾರು? ನಾಲ್ಕು ಸಲ ಹೀಗೆ ಕೇಳಿಸಿಕೊಂಡ ಮೇಲೆ ಐದನೆಯದನ್ನು ಯಾರೂ ಓದುವುದಿಲ್ಲ.

ವಿಂಡೋಸ್ 98ರ ನೋಟ್‌ಪ್ಯಾಡ್ ಇದಕ್ಕಿಂತ ವಾಸಿ. ಫೈಲ್ ಸುಮಾರು 64 ಕೆಬಿ ದಾಟಿದರೆ, ಇದು ನನಗೆ ದೊಡ್ಡದಾಯಿತು, ವರ್ಡ್‌ಪ್ಯಾಡ್‌ನಲ್ಲಿ ತೆರೆಯಲೇ ಎನ್ನುತ್ತಿತ್ತು. ಮಿತಿ ಇಂದು ನಗು ತರಿಸಬಹುದು, ಆದರೆ ಮುಂದಿನ ದಾರಿಯನ್ನಾದರೂ ತೋರಿಸುತ್ತಿತ್ತು.

ಇನ್ನೂ ಚೆನ್ನಾಗಿ ಯೋಚಿಸಿದ್ದು ಈಮ್ಯಾಕ್ಸ್. 1985ರಿಂದ ಬಳಕೆಯಲ್ಲಿರುವ ಈ ಗ್ನೂ ಎಡಿಟರ್, ಫೈಲಿನ ಹೆಸರು ಮತ್ತು ಗಾತ್ರ ಎರಡನ್ನೂ ಹೇಳಿಯೇ ಪ್ರಶ್ನೆ ಕೇಳುತ್ತದೆ. ಈಚಿನ ಆವೃತ್ತಿಗಳಲ್ಲಿ ಹೌದು, ಬೇಡ ಎಂಬುದರ ಜತೆಗೆ ‘ಲಿಟರಲ್’ ಎಂಬ ಮೂರನೇ ಉತ್ತರವೂ ಇದೆ. ಅದನ್ನು ಒತ್ತಿದರೆ ಬಣ್ಣ ಹಚ್ಚುವುದು, ಅಕ್ಷರ ಸಂಕೇತ ಬಿಡಿಸುವುದು ಮುಂತಾದ ಭಾರದ ಕೆಲಸ ಬಿಟ್ಟು, ಇದ್ದ ಬೈಟ್‌ಗಳನ್ನು ಇದ್ದಂತೆ ತೆರೆಯುತ್ತದೆ. ಇಂಗ್ಲಿಷ್ ಲಾಗ್‌ಗೆ ಇದು ವರದಾನ. ಕನ್ನಡಕ್ಕೆ ಮಾತ್ರ ಕಷ್ಟ. ಯುಟಿಎಫ್-8ರಲ್ಲಿ ನಮ್ಮ ಪ್ರತಿ ಅಕ್ಷರಸಂಕೇತಕ್ಕೂ ಮೂರು ಬೈಟ್. ‘ಕ’ ಎಂಬುದು \340\262\225 ಎಂದು ಕಾಣುತ್ತದೆ. ಕನ್ನಡ ಪಠ್ಯದ ಡೇಟಾ ಇಟ್ಟುಕೊಂಡು ಪ್ರಾಜೆಕ್ಟ್ ಮಾಡುವವರಿಗೆ ಈ ಮೂರನೇ ದಾರಿ ಇದ್ದೂ ಇಲ್ಲದಂತೆ. ಒತ್ತಿದರೆ ಹೀಗಾಗುತ್ತದೆ ಎಂದು ಪ್ರಶ್ನೆಯಲ್ಲೇ ಒಂದು ಮಾತು ಇರಬೇಕಿತ್ತು.

ಯಾವಾಗ ಕೇಳಬೇಕು ಎನ್ನುವುದು ಇನ್ನೂ ತೊಡಕಿನದು. ಈಮ್ಯಾಕ್ಸ್‌ನ ಮೂಲ ಮಿತಿ 1 ಕೋಟಿ ಬೈಟ್, ಅಂದರೆ ಸುಮಾರು 10 ಎಂಬಿ. ಇಂದಿನ ಲ್ಯಾಪ್‌ಟಾಪ್‌ಗೆ ಅಷ್ಟು ಯಾವ ಲೆಕ್ಕ? ಅದೇ 2 ಎಂಬಿಯ ಜೇಸನ್ ಫೈಲ್ ಇಡೀ ಒಂದೇ ಸಾಲಿನಲ್ಲಿದ್ದರೆ ಪ್ರಶ್ನೆಯೇ ಬರುವುದಿಲ್ಲ. ಆದರೆ ಅಂಥ ಸಾಲು ಹಳೆಯ ಈಮ್ಯಾಕ್ಸ್ ಆವೃತ್ತಿಗಳನ್ನು ಮಂಡಿಯೂರಿಸುತ್ತಿತ್ತು. 2023ರಲ್ಲಿ ಬಂದ 29ನೇ ಆವೃತ್ತಿ ಉದ್ದ ಸಾಲುಗಳ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸಿತು. ಅಂದಮೇಲೆ ಅಳೆಯಬೇಕಾದದ್ದು ಗಾತ್ರ ಒಂದನ್ನೇ ಅಲ್ಲ. ಸಾಲಿನ ಉದ್ದವನ್ನೂ, ಯಂತ್ರದಲ್ಲಿ ಉಳಿದಿರುವ ಮೆಮೊರಿಯನ್ನೂ ಸಹ.

ಲಿನಕ್ಸ್‌ನ ‘ಲೆಸ್’ ಬಳಸಿದವರಿಗೆ ಗೊತ್ತು, ಅದು ಫೈಲನ್ನು ಪೂರ್ತಿ ಓದಿಕೊಳ್ಳುವ ಮೊದಲೇ ಮೊದಲ ಪುಟ ತೋರಿಸುತ್ತದೆ, ಏನನ್ನೂ ಕೇಳುವುದಿಲ್ಲ. ಮಿನಿ ಪ್ರಾಜೆಕ್ಟ್‌ಗೆ ಎಡಿಟರ್ ಬರೆಯುವವರು ಡೈಲಾಗ್ ಬಾಕ್ಸ್ ವಿನ್ಯಾಸಕ್ಕೆ ಕೂರುವ ಮೊದಲು ಇದನ್ನೊಮ್ಮೆ ಪ್ರಯತ್ನಿಸಬಹುದು. ಆಮೇಲೂ ಕೇಳಲೇಬೇಕಾದರೆ, ಬಟನ್‌ಗಳ ಮೇಲೆ ‘ಹೌದು’, ‘ಇಲ್ಲ’ ಬೇಡ. ‘ಪೂರ್ತಿ ತೆರೆ’, ‘ಓದಲು ಮಾತ್ರ ತೆರೆ’, ‘ಬಿಡು’ ಎಂದಿರಲಿ.